ಮಂದಿ ಬೇಕು

ಲಕ್ಷ್ಮೀಪೂಜೆಯ ದಿನ ತಂಪುಕಟ್ಟೆಯಲ್ಲಿ ಡ್ಯೂಟಿ ಯಾರದು ಅಂತ ನೋಟಿಸ್ ಬೋರ್ಡ್ ನೋಡುವ ಅಗತ್ಯವೇ ಇಲ್ಲ. ಹದಿನಾರು ವರ್ಷದಿಂದ ಅದು ನನ್ನದೇ. ಸುಗಂಧಾ ಬಾಗೇವಾಡಿ, ನಿಯಂತ್ರಣ ಕೊಠಡಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದು. ದಸರೆ ಇರಲಿ, ಯುಗಾದಿ ಇರಲಿ, ದೀಪಾವಳಿ ಇರಲಿ, ಹಬ್ಬದ ಹಿಂದಿನ ದಿನ ಉಳಿದ ಹನ್ನೊಂದು ಮಂದಿ ನನ್ನ ಮೇಜಿನ ಮುಂದೆ ಬಂದು ಹಲ್ಲು ಕಿರಿಯುತ್ತಾರೆ. "ಬಾಯಾರ, ನಿಮಗೇನ್ರಿ, ಮನ್ಯಾಗ ಯಾರೂ ಇಲ್ಲಲ್ಲ." ಅದು ಬೈಗುಳ ಅಂತ ಹೇಳುವವರಿಗೆ ಹೊಳೆಯುವುದೂ ಇಲ್ಲ. ನಾನೂ "ಹೋಗ್ರಿ ಹೋಗ್ರಿ, ಬರೂ ಮುಂದ ಕರ್ಚಿಕಾಯಿ ತರ್ರಿ" ಅಂದು ಕಳಿಸುತ್ತೇನೆ. ಈತನಕ ಒಬ್ಬರೂ ತಂದಿಲ್ಲ.

ಷೇರುಕಟ್ಟೆ ಇದ್ದ ಹಾಗೆ ಇದು ತಂಪುಕಟ್ಟೆ. ಹುಬ್ಬಳ್ಳಿಯ ಬೇಸಿಗೆ ಐವತ್ತು ಡಿಗ್ರಿ ದಾಟತೊಡಗಿದ ಮೇಲೆ ಚಳಿಗಾಲದ ತಂಪನ್ನು ಉಪ್ಪಿನ ಗಟ್ಟಿಯಲ್ಲಿ ಹಿಡಿದಿಡುವ ವಿದ್ಯೆ ಬಂತು. ಇಟ್ಟಿಗೆಯಷ್ಟು ದಪ್ಪದ ಬಿಳಿ ಗಟ್ಟಿ. ಚಳಿಗಾಳಿಗೆ ಇಟ್ಟರೆ ಅದರೊಳಗಿನ ಉಪ್ಪು ಹೆಪ್ಪುಗಟ್ಟುತ್ತದೆ. ಬೇಸಿಗೆಯಲ್ಲಿ ಕೋಣೆಯ ಕಾವನ್ನು ಹೀರಿಕೊಂಡು ಮೆಲ್ಲಗೆ ಕರಗುತ್ತದೆ. ಒಂದು ಗಟ್ಟಿಗೆ ಒಂದು ಕೋಣೆ ಎರಡು ದಿನ ತಣ್ಣಗಿರುತ್ತದೆ, ನಲವತ್ತು ಗಟ್ಟಿ ಇದ್ದರೆ ಒಂದು ಜೀವ ಬೇಸಿಗೆ ದಾಟುತ್ತದೆ. ಇಲ್ಲದವರ ಹೆಸರು ಮೇ ತಿಂಗಳ ಪೇಪರಿನಲ್ಲಿ ಬರುತ್ತದೆ. ಹೀಗಾಗಿ ಜನ ಬಂಗಾರ ಬಿಟ್ಟು ಗಟ್ಟಿ ಕೊಳ್ಳಲು ಶುರುಮಾಡಿದರು. ಕೊಳ್ಳುವುದು ಬಂದಲ್ಲಿ ವ್ಯಾಪಾರ ಬಂತು, ವ್ಯಾಪಾರ ಬಂದಲ್ಲಿ ತೇಜಿ-ಮಂದಿ ಬಂತು.

ಬೆಲೆ ಏರಿದರೆ ತೇಜಿ, ಇಳಿದರೆ ಮಂದಿ. ಹಳೆಯ ಹತ್ತಿ ಬಜಾರಿನ ಮಾತು ಇದು. ಮಂದಿ ಆಡುವುದು ಅಂದರೆ ತನ್ನದಲ್ಲದ್ದನ್ನು ಮಾರುವುದು. ಜೋಳ ತುಟ್ಟಿಯಾದಾಗ ನೆರೆಯವರ ಚೀಲ ಕಡ ತಂದು ಮಾರಿ, ಸುಗ್ಗಿಯಲ್ಲಿ ಸೋವಿಯಾದಾಗ ಕೊಂಡು ಅವರ ಚೀಲ ಅವರಿಗೆ ಹಿಂದಿರುಗಿಸಿ, ನಡುವೆ ಉಳಿದದ್ದನ್ನು ಜೇಬಿಗಿಳಿಸಿದ ಹಾಗೆ. ಸುಗ್ಗಿ ಕೈಕೊಟ್ಟು ಜೋಳ ಇನ್ನೂ ತುಟ್ಟಿಯಾದರೆ ಮಾತ್ರ ಕತೆ ಮುಗಿಯಿತು. ಕಡ ತಂದ ಚೀಲವನ್ನು ಕೊಟ್ಟೇ ತೀರಬೇಕು.

ಇಂಥ ಆಟಕ್ಕೆ ಲಕ್ಷ್ಮೀಪೂಜೆಯಷ್ಟು ಕೆಟ್ಟ ದಿನ ವರ್ಷದಲ್ಲಿ ಇನ್ನೊಂದಿಲ್ಲ. ಅವತ್ತು ಪ್ರತಿ ಮನೆಯವರೂ ಶಾಸ್ತ್ರಕ್ಕೆ ಅಂತ ಒಂದು ಗಟ್ಟಿ ಕೊಳ್ಳುತ್ತಾರೆ. ಮನೆಯಲ್ಲಿನ ಕೊಳ್ಳುವ ಯಂತ್ರಕ್ಕೆ ಮೊದಲೇ ಹೇಳಿಟ್ಟು ಎಣ್ಣೆನೀರು ಹಾಕಿಕೊಳ್ಳಲು ಹೋಗಿಬಿಡುತ್ತಾರೆ. ಮಾರುವವರು ಮಾತ್ರ ಒಬ್ಬರೂ ಇರುವುದಿಲ್ಲ. ಅವತ್ತು ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸಬಾರದಲ್ಲ! ಒಂದು ಬಟ್ಟಲು ಸಕ್ಕರೆ ಕೇಳಿದರೂ ನಮ್ಮ ಕಡೆ "ನಾಳೆ ಬಾರವಾ" ಅನ್ನುತ್ತಾರೆ. ಕಟ್ಟೆಯ ಉಗ್ರಾಣ ಯಂತ್ರವಾದ್ದರಿಂದ ಅದಕ್ಕೆ ಹಬ್ಬವಿಲ್ಲ, ಕೇಳಿದವರಿಗೆ ಗಟ್ಟಿ ಕಡ ಕೊಡುತ್ತದೆ. ಆದರೆ ಹಬ್ಬದ ದಿನದ ಕಡ ಅದೇ ಸಂಜೆ ಐದಕ್ಕೆ ವಾಪಸ್ಸು ಬರಬೇಕು.

ಆ ದಿನ ಹತ್ತೂ ನಲವತ್ತಕ್ಕೆ ನನ್ನ ಪರದೆಯ ಮೇಲೆ ಕೆಂಪು ಸಾಲೊಂದು ಬಂತು. ಕಡದ ಮೇಲೆ ಮಾರಾಟ, ಆರುನೂರು ಗಟ್ಟಿ, ಒಂದೇ ಏಟಿಗೆ. ಹೆಸರು, ರಾಚಪ್ಪ ಮೆಣಸಿನಕಾಯಿ.

"ಅಯ್ಯ ಶಿವನ!" ಅಂದೆ. ಕೊಠಡಿಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ರಾಚಪ್ಪನವರನ್ನು ಕಟ್ಟೆಯಲ್ಲಿ ಅರಿಯದವರಿಲ್ಲ. ನಲವತ್ತು ವರ್ಷದ ವ್ಯಾಪಾರ. ಜೀವನಪೂರ್ತಿ ಬೆಲೆ ಇಳಿಯುವ ಕಡೆಗೇ ಪಣ ಕಟ್ಟಿದವರು. "ಮಂದಿ ರಾಚಪ್ಪ" ಅಂತಲೇ ಅವರ ಹೆಸರು. ಮದುವೆ ಆಗಿಲ್ಲ, ಅಣ್ಣತಮ್ಮಂದಿರಿಲ್ಲ. ಮಠದ ಓಣಿಯಲ್ಲಿ ತಗಡಿನ ಮಾಳಿಗೆಯ ಮನೆ. ಊರೆಲ್ಲ ಗಳಿಸಿದ ವರ್ಷ ಇವರು ಕಳೆದುಕೊಳ್ಳುತ್ತಿದ್ದರು, ಊರೆಲ್ಲ ಕಳೆದುಕೊಂಡ ವರ್ಷ ಇವರು ಗಳಿಸುತ್ತಿದ್ದರು. ಇಂಥವರನ್ನು ಯಾರು ಊಟಕ್ಕೆ ಕರೆಯುತ್ತಾರೆ, ನೀವೇ ಹೇಳಿ.

ಗಟ್ಟಿಗೆ ಒಂಬೈನೂರು ರೂಪಾಯಿ ಇದ್ದ ಬೆಲೆ ಆ ಏಟಿಗೆ ಆರುನೂರಕ್ಕೆ ಕುಸಿಯಿತು. ಮನೆಮನೆಯ ಯಂತ್ರಗಳು ಸೋವಿ ಸಿಕ್ಕಿತೆಂದು ಅಷ್ಟನ್ನೂ ನುಂಗಿದವು. ಆಮೇಲೆ ಮಾರುವವರಿಲ್ಲದೆ ಬೆಲೆ ತಿರುಗಿ ಏರತೊಡಗಿತು. ಹನ್ನೊಂದಕ್ಕೆ ಸಾವಿರದ ನೂರು. ಐದರೊಳಗೆ ಆರುನೂರು ಗಟ್ಟಿ ಎಲ್ಲಿಂದಲಾದರೂ ತಂದು ಉಗ್ರಾಣಕ್ಕೆ ಕೊಡದಿದ್ದರೆ ರಾಚಪ್ಪನವರ ನೆಲಮಾಳಿಗೆಯ ಸ್ವಂತ ನಲವತ್ತೆರಡು ಗಟ್ಟಿಗಳನ್ನು ಜಪ್ತಿ ಮಾಡುತ್ತಾರೆ, ಮುಂದಿನ ದೀಪಾವಳಿಯತನಕ ಒಂದು ಗಟ್ಟಿಯನ್ನೂ ಕೊಳ್ಳುವಂತಿಲ್ಲ. ಅರವತ್ತಾರರ ಮನುಷ್ಯ, ತಗಡಿನ ಮಾಳಿಗೆ, ನಡುವೆ ಬೇಸಿಗೆ.

ಇಷ್ಟು ತಿಳಿದ ಮನುಷ್ಯ ಇಂಥ ಹುಚ್ಚು ಕೆಲಸ ಮಾಡಿದ್ದು ಹೇಗೆ? ಕಟ್ಟೆಯ ಸದಸ್ಯರೆಲ್ಲ ಕಿವಿಯ ಹಿಂದೆ ಒಂದು ಬಿಲ್ಲೆ ಅಂಟಿಸಿಕೊಂಡಿರುತ್ತಾರೆ. ಅದಕ್ಕೆ "ಕಿವಿ" ಅಂತಲೇ ಹೆಸರು. ಅದು ಬೆಲೆ ಓದಿ ಹೇಳುತ್ತದೆ, ನಾವು ಆಡಿದ ಮಾತು ಕೇಳಿ ವ್ಯಾಪಾರ ಮಾಡುತ್ತದೆ. ಹೊಸಬರಿಗೆ "ಖರೆ ಏನ್ರಿ?" ಅಂತ ತಿರುಗಿ ಕೇಳುತ್ತದೆ. ಕಟ್ಟೆಗೆ ಬಂದು ಇಪ್ಪತ್ತೈದು ವರ್ಷ ದಾಟಿದ ಹಿರಿಯರಿಗೆ ಕೇಳುವುದಿಲ್ಲ, ಅವರ ನಾಲಿಗೆಗೆ ಅಷ್ಟು ಮರ್ಯಾದೆ. ಆದೇಶಕ್ಕೆ ಮುಂಚಿನ ಹತ್ತು ನಿಮಿಷದ ಮಾತು ಅದರಲ್ಲಿ ಉಳಿದಿರುತ್ತದೆ, ಡ್ಯೂಟಿಯಲ್ಲಿದ್ದವರು ಕೇಳಬಹುದು. ಕೇಳಿದೆ.

ಮೊದಲು ಪಾತ್ರೆಯ ಸದ್ದು. ಆಮೇಲೆ ರಾಚಪ್ಪನವರ ದನಿ.

"ಐದು ತಾಟು ಯಾಕ ಹಾಕಿದೆನಪಾ? ನಾನೊಬ್ಬನ ಇದ್ದೀನಿ... ಇರಲಿ ಬಿಡು. ಹಾಕಿದ್ದು ತಗೀಬಾರದು."

ಕಿವಿ ಹೇಳಿತು, "ಒಂಬೈನೂರ ಎರಡು."

"ಹೌದಾ? ಒಂಬೈನೂರ ಎರಡಾ? ಭೇಷ್. ನೀ ಎಣ್ಣಿನೀರು ಹಾಕ್ಕೊಂಡಿಯಿಲ್ಲೋ?"

ಕಿವಿ ಅದಕ್ಕೆ ಉತ್ತರ ಕೊಡಲಿಲ್ಲ. ದೂರದಲ್ಲಿ ಯಾರದೋ ಮನೆಯ ಮಕ್ಕಳ ಕಿರುಚಾಟ, ಪಟಾಕಿ.

"ಆರತಿ ತಾ ತನಗ ಮಾಡಿಕೊಳ್ಳಾಕ ಬರಂಗಿಲ್ಲ ಅಂತಿದ್ಲು ನಮ್ಮವ್ವ. ದೀಪ ಹಚ್ಚಿ ಇಟ್ಟಬಿಟ್ಟೀನಿ. ಯಾರು ಎತ್ತಬೇಕು ಈಗ?" ಮೂಗು ಸೀನಿದ ಸದ್ದು. "ರೊಕ್ಕ ಐತಿ. ಗಟ್ಟಿ ಅದಾವ. ಏನ ಮಾಡೂದು ತಗೊಂಡು? ಇದ್ದದ್ದೆಲ್ಲಾ ಹಚ್ಚತೀನಿ ನಾ ಇವತ್ತ. ಎಲ್ಲಾ ಹಚ್ಚತೀನಿ. ಮಂದಿ ಬೇಕು. ನನಗ ಮಂದಿ ಬೇಕು!"

"ಆತ್ರಿ," ಅಂದಿತು ಕಿವಿ. ಅಲ್ಲಿಗೆ ಹತ್ತು ನಿಮಿಷ ಮುಗಿದಿತ್ತು.

ನಮ್ಮ ಸೀಮೆಯಲ್ಲಿ ಜನಕ್ಕೆ ಮಂದಿ ಅನ್ನುತ್ತಾರೆ. ಈ ಕಿವಿಯನ್ನು ಮಾಡಿದ ಜಾಣರು ಎಲ್ಲಿಯವರೋ ಏನೋ, ಅದಕ್ಕೆ ಬಜಾರಿನ ಮಾತನ್ನಷ್ಟೇ ಕಲಿಸಿದ್ದರು. ಎಲ್ಲಾ ಹಚ್ಚುತ್ತೇನೆ, ಮಂದಿ ಬೇಕು ಅಂದಾಗ ಅದು ಪಾಪ, ಎಲ್ಲವನ್ನೂ ಪಣಕ್ಕೆ ಹಚ್ಚು ಅಂತ ತಿಳಿದು, ಅವರ ಹೆಸರಿಗೆ ಕಡ ಸಿಗುವಷ್ಟು ಆರುನೂರನ್ನೂ ತಂದು ಮಾರಿತು. ಬೇರೆ ಸದಸ್ಯರು ಹಬ್ಬದ ದಿನ ಕಿವಿ ಕಳಚಿಟ್ಟಿರುತ್ತಾರೆ. ಇವರು ಇಟ್ಟುಕೊಂಡದ್ದು ಏತಕ್ಕೆ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಾನೂ ಮನೆಯಲ್ಲಿ ರೇಡಿಯೋ ಆರಿಸುವುದಿಲ್ಲ.

ಕೂಡಲೇ ಅವರ ಕಿವಿಗೆ ಕರೆ ಮಾಡಿದೆ. ಆಗಿದ್ದು ಹೇಳಿದೆ.

"ಏನೂ ಕೆಟ್ಟಿಲ್ರಿ ಸಾವಕಾರ್ರ," ಅಂದೆ. "ನಾಲಿಗಿ ತಪ್ಪು ಅಂತ ಒಂದ ಮಾತು ನೀವು ಹೇಳ್ರಿ ಸಾಕು. ಕಟ್ಟಿ ಮೀಸಲಿನಿಂದ ಗಟ್ಟಿ ಕೊಟ್ಟು ಸರಿ ಮಾಡತೀನಿ."

"ಅದಕ್ಕ ಆ ಹತ್ತ ನಿಮಿಷ ಎಲ್ಲಾರಿಗೂ ಕೇಳಸಬೇಕಲ್ಲ?"

ಹೌದು, ಕೇಳಿಸಬೇಕು. ಹಿಂದೆ ಬಹಳ ಕಳ್ಳರು ಸೋತ ಮೇಲೆ "ನಾಲಿಗೆ ತಪ್ಪಿತು" ಅಂತ ಪಾರಾಗಿದ್ದರು. ಹಾಗಾಗಿ ಹತ್ತು ನಿಮಿಷದ ಮಾತನ್ನು ಎಲ್ಲ ಸದಸ್ಯರಿಗೂ ಬಿಚ್ಚಿ ಕೇಳಿಸಬೇಕು, ಯಾರದಾದರೂ ತಕರಾರಿದ್ದರೆ ಒಂದು ನಿಮಿಷದಲ್ಲಿ ಹೇಳಬೇಕು, ಯಾರೂ ಹೇಳದಿದ್ದರೆ ರದ್ದು. ನಿಯಮ ಅದು.

"ಒಲ್ಲೆರಿ," ಅಂದರು ರಾಚಪ್ಪನವರು. ಟಕ್ ಅಂತ ಏನೋ ಡಬ್ಬಿ ಮುಚ್ಚಿದ ಸದ್ದಾಯಿತು. ಆಮೇಲೆ ಎಷ್ಟು ಕರೆದರೂ ದನಿ ಇಲ್ಲ, ಫೋನನ್ನೂ ಎತ್ತಲಿಲ್ಲ.

ನಮ್ಮ ಮುಖ್ಯಸ್ಥ ಕೊಪ್ಪೀಕರ ಸಾಹೇಬರಿಗೆ ಫೋನ್ ಮಾಡಿದೆ. ಹಿಂದೆ ಮಕ್ಕಳ ಗದ್ದಲ. "ಅವರು ಹೇಳದ ನೀವೇನೂ ಮಾಡಾಕ ಬರಂಗಿಲ್ಲ ಬಾಯಾರ. ಐದಕ್ಕ ಜಪ್ತಿ ಬರೀರಿ. ಆರತಿ ಹೊತ್ತಾತು, ಇಡತೀನಿ," ಅಂದರು, ಇಟ್ಟೇಬಿಟ್ಟರು.

ಒಂದೂವರೆಗೆ ಬೆಲೆ ಎರಡು ಸಾವಿರ ಮುಟ್ಟಿತು. ಮಾರುವವರ ಕಾಲಮಿನಲ್ಲಿ ಸೊನ್ನೆ. ಡ್ಯೂಟಿಯಲ್ಲಿದ್ದವರು ಕೊಠಡಿ ಬಿಟ್ಟು ಹೊರಗೆ ಕಾಲಿಟ್ಟರೆ ಕೆಲಸದಿಂದ ವಜಾ. ಹದಿನಾರು ವರ್ಷದಲ್ಲಿ ನಾನು ಚಹಾಕ್ಕೂ ಎದ್ದವಳಲ್ಲ. ಬೀಗ ಹಾಕಿ ಸ್ಕೂಟರ್ ತೆಗೆದೆ.

ಮಠದ ಓಣಿ ತುಂಬ ಹೊಸ ಬಟ್ಟೆಯ ಹುಡುಗಿಯರು, ಸುಟ್ಟ ಪಟಾಕಿಯ ಕಾಗದ. ರಾಚಪ್ಪನವರ ಬಾಗಿಲ ಮುಂದೆ ಮಾತ್ರ ಕಾಗದದ ಚೂರೂ ಇಲ್ಲ. ರಂಗೋಲಿ ಇತ್ತು, ಗಂಡಸು ಹಾಕಿದ್ದು ಅಂತ ನೋಡಿದ ಕೂಡಲೇ ತಿಳಿಯುವಂತಿತ್ತು. ಬಾಗಿಲು ತಟ್ಟಿದೆ.

"ಬಂದೆ, ಬಂದೆ!" ಅಂತ ಒಳಗಿಂದ ಓಡಿಬಂದ ಸಪ್ಪಳ. ಬಾಗಿಲು ತೆರೆದ ಮುಖದಲ್ಲಿ ಎಂಥ ಬೆಳಕಿತ್ತು ಅಂತೀರಿ! ನನ್ನ ಕೊರಳಿನ ಗುರುತಿನ ಚೀಟಿ ನೋಡಿದ್ದೇ ಅದು ಆರಿತು. "ಓ, ಡ್ಯೂಟಿ ಮ್ಯಾಲೆ ಬಂದೀರಿ."

"ಡ್ಯೂಟಿ ಬಿಟ್ಟು ಬಂದೀನ್ರಿ. ಯಾರರ ನೋಡಿದ್ರ ನನ್ನ ನೌಕರಿ ಗೋವಿಂದ. ಲಗೂ ಹೇಳ್ರಿ ಸಾವಕಾರ್ರ, ನಾಲಿಗಿ ತಪ್ಪು ಅಂತ."

"ಮೊದಲ ಕೂಡ್ರಿ. ಕರ್ಚಿಕಾಯಿ ತಿನ್ರಿ."

"ಕರ್ಚಿಕಾಯಿ ತಿನ್ನೂ ಹೊತ್ತೇನ್ರಿ ಇದು?"

"ಹಬ್ಬದ ದಿನ ತಿನ್ನದ ಮತ್ಯಾವಾಗ ತಿಂತೀರಿ?"

ಕೂತೆ. ತಿಂದೆ. ಸಿಹಿ ಸಾಲದು, ಅಂಚು ಬಿಟ್ಟುಕೊಂಡಿತ್ತು, ಆದರೂ ಚೆನ್ನಾಗಿದೆ ಅಂದೆ. ಅವರು ಎದುರಿಗೆ ನೆಲದ ಮೇಲೆ ಕೂತು ನಾನು ತಿನ್ನುವುದನ್ನೇ ನೋಡುತ್ತಿದ್ದರು.

"ಹನ್ನೊಂದು ವರ್ಷದ ಹಿಂದ," ಅಂತ ತಾವೇ ಶುರುಮಾಡಿದರು, "ಈ ಬ್ಯಾಸಗಿ ಬೆಂಕಿ ಅಂತ ಪ್ಯಾಟಿ ತುಂಬ ಹುಯ್ಯಲೆಬ್ಬಿಸಿದ್ರು. ಗಟ್ಟಿ ಬೆಲಿ ಮುಗಲಿಗೆ ಹೋತು. ಈ ಓಣ್ಯಾಗಿನವರು ಇದ್ದ ಬಂಗಾರೆಲ್ಲಾ ಮಾರಿ ಕೊಂಡ್ರು. ನಾ ಹೇಳಿದೆ, ಬ್ಯಾಡ್ರೋ, ಮಳಿ ಲಗೂ ಬರತೈತಿ ಅಂತ. ಕೇಳಲಿಲ್ಲ. ನಾ ಮಾರಿದೆ. ಮಳಿ ಬಂತು. ಬೆಲಿ ಬಿತ್ತು. ಅದರಾಗ ನನ್ನ ತಪ್ಪೇನ್ರಿ? ಮಳಿ ನಾ ತರಿಸಿದ್ನೇನು?"

"ಇಲ್ರಿ."

"ಓಣ್ಯಾಗ ಎರಡು ಮದುವಿ ನಿಂತ್ವು. ಅವತ್ತಿನಿಂದ ಎದುರಿಗೆ ಬಂದ್ರ ದಾರಿ ಬಿಡತಾರ, ನಮಸ್ಕಾರ ಅಂತಾರ, ಹೊಸ್ತಲಾ ದಾಟಂಗಿಲ್ಲ. ಈಗ ಅವರ ಕಿವ್ಯಾಗ ಈ ಮಾತು ಹಾಕಬೇಕಾ? ಮಂದಿ ರಾಚಪ್ಪ ಮಂದಿ ಬೇಕಂತ ಅತ್ತ ಅಂತ ಊರೆಲ್ಲಾ ಹೊಟ್ಟಿ ಹಿಡಕೊಂಡು ನಗಬೇಕಾ? ಬ್ಯಾಸಗಿ ತಡಕೋತೀನ್ರಿ ನಾ. ಮಂದಿ ನಗೂದು ತಡಕೊಳ್ಳಾಕ ಆಗಂಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅವರ ಮೇಲೋ, ಓಣಿಯ ಮೇಲೋ, ನನ್ನ ಮೇಲೋ ಗೊತ್ತಿಲ್ಲ.

"ಏನ್ ತಡಕೋತೀರಿ? ಐವತ್ತೊಂದು ಡಿಗ್ರಿ ತಡಕೋತೀರೇನು? ತಗಡು ಕಾದ್ರ ಮೂರ ದಿನದಾಗ ಹೆಣಾ ಬೀಳತೈತಿ. ಅದನ್ನ ನೋಡಾಕರ ಮಂದಿ ಬರತಾರ ಅಂತೀರೇನು? ವಾಸನಿ ಬಂದ ಮ್ಯಾಲೆ ಬರತಾರ! ಹದಿನಾರು ವರ್ಷದಿಂದ ಹನ್ನೊಂದು ಮಂದಿ ನನ್ನ ಮಾರಿ ಮ್ಯಾಲೆ ಅಂತಾರ್ರಿ, ನಿಮ್ಮ ಮನ್ಯಾಗ ಯಾರೂ ಇಲ್ಲಲ್ಲ ಅಂತ. ನಗನಗತಾ ಅಂತಾರ. ಸತ್ತೀನೇನ್ರಿ ನಾ? ಮರುದಿನ ಎದ್ದು ಜಳಕಾ ಮಾಡಿ ಡ್ಯೂಟಿಗೆ ಹೋಗತೀನಿ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅಷ್ಟು ಹೊತ್ತು ಕಟ್ಟೆಯವಳು ಅಂತ ನೋಡಿದ್ದರು, ಈಗ ನನ್ನನ್ನು ನೋಡಿದರು.

"ಎಷ್ಟು ವರ್ಷ ಅಂದ್ರಿ?"

"ಹದಿನಾರ್ರಿ."

"ಛೇ," ಅಂದರು. ಎದ್ದು ಅಡುಗೆಮನೆಗೆ ಹೋಗಿ ಅವಲಕ್ಕಿ ಡಬ್ಬಿಯೊಳಗಿಂದ ಕಿವಿ ತೆಗೆದು ಒರೆಸಿದರು. "ಒಂದ ಮಾತು. ಮಂದಿ ನಕ್ಕರ ನನಗ ಹೇಳಬೇಕು. ಮುಚ್ಚಿ ಇಡಬಾರದು."

"ಹೇಳತೀನ್ರಿ."

ಕಿವಿಯನ್ನು ಅಂಟಿಸಿಕೊಂಡು, ಶಾಲೆಯಲ್ಲಿ ತಪ್ಪೊಪ್ಪಿಕೊಳ್ಳುವವರ ಹಾಗೆ ಕೈಕಟ್ಟಿ ನಿಂತು, "ನಾಲಿಗಿ ತಪ್ಪು," ಅಂದರು. ಅಂದವರೇ, ತಮ್ಮ ಮಾತು ತಮಗೆ ಕೇಳುವುದು ಬೇಡ ಅಂತ ಕಿವಿ ಕಿತ್ತು ತಿರುಗಿ ಡಬ್ಬಿಗೆ ಹಾಕಿದರು.

ನಾನು ಕೊಠಡಿಗೆ ಮರಳಿದಾಗ ಮೂರು ಗಂಟೆ. ಬೆಲೆ ಎರಡು ಸಾವಿರದ ಎಂಟುನೂರು. ಹದಿನೆಂಟು ನೂರು ಸದಸ್ಯರ ಕಿವಿಗೂ ಗಂಟೆ ಬಾರಿಸಿದೆ, ನಿಯಮದ ಪ್ರಕಾರ ಮೂರು ಸಲ, ಕಳಚಿಟ್ಟವರೂ ಸದ್ದು ಕೇಳಿ ಹಾಕಿಕೊಳ್ಳಲಿ ಅಂತ. ಆಮೇಲೆ ಎದೆ ಗಟ್ಟಿ ಮಾಡಿಕೊಂಡು ಹತ್ತು ನಿಮಿಷದ ಮಾತನ್ನು ಬಿಚ್ಚಿದೆ. ಪಾತ್ರೆಯ ಸದ್ದು ಬಂತು. ಐದು ತಾಟಿನ ಮಾತು ಬಂತು.

ಪರದೆಯ ಮೇಲ್ಭಾಗದಲ್ಲಿ ಎಷ್ಟು ಮಂದಿ ಕೇಳುತ್ತಿದ್ದಾರೆ ಅಂತ ಒಂದು ಅಂಕಿ ಇರುತ್ತದೆ. ನಾನು ಅದನ್ನು ನೋಡಿದೆ. ಒಂದು ಅಂತಿತ್ತು.

ಇನ್ನೂ ಗಂಟೆ ಮುಟ್ಟಿರಲಿಕ್ಕಿಲ್ಲ, ಬರುತ್ತಾರೆ ಅಂದುಕೊಂಡೆ. ಆರತಿಯ ಮಾತು ಬಂತು. ಒಂದೇ ಇತ್ತು. ಮೂಗು ಸೀನಿದ್ದು ಬಂತು. ಒಂದೇ ಇತ್ತು. ಎಲ್ಲರೂ ಕಿವಿ ಕಳಚಿ ಕಪಾಟಿನಲ್ಲಿಟ್ಟು ಹಬ್ಬ ಮಾಡುತ್ತಿದ್ದರು. ಆ ಒಂದು ನಾನು.

"ನನಗ ಮಂದಿ ಬೇಕು!" ಅಂತ ಖಾಲಿ ಊರಿಗೆ ಕೂಗಿ ಮಾತು ನಿಂತಿತು. ತಕರಾರಿನ ಒಂದು ನಿಮಿಷ ಕಳೆಯಿತು. ಕೇಳಿಸಬೇಕು ಅಂತ ನಿಯಮದಲ್ಲಿದೆ, ಯಾರಾದರೂ ಕೇಳಬೇಕು ಅಂತ ಇಲ್ಲ. ತಕರಾರಿಲ್ಲ, ರದ್ದು ಅಂತ ಒತ್ತಿದೆ. ಮೀಸಲಿನಿಂದ ಆರುನೂರು ಗಟ್ಟಿ ಉಗ್ರಾಣಕ್ಕೆ ಹೋದವು, ಕೆಂಪು ಸಾಲು ಅಳಿಸಿಹೋಯಿತು. ರಾಚಪ್ಪನವರ ಬೇಸಿಗೆ ಉಳಿಯಿತು. ಖುಷಿಯಾಗಬೇಕಿತ್ತು. ನನಗೆ ಮಾತ್ರ, ಒಬ್ಬರಾದರೂ ಕೇಳಿ ನಗಬಾರದಿತ್ತೇ ಅನಿಸಿ ಅಳು ಬಂತು.

ಕಣ್ಣೊರೆಸಿಕೊಂಡು ರಾಚಪ್ಪನವರಿಗೆ ಫೋನ್ ಮಾಡಿದೆ. ಮೊದಲ ಗಂಟೆಗೇ ಎತ್ತಿದರು.

"ಮುಗೀತ್ರಿ. ರದ್ದಾತು. ನಿಮ್ಮ ಗಟ್ಟಿ ನಿಮ್ಮ ಹತ್ರ."

"ಅದಿರಲಿ. ನಕ್ಕರೇನ್ರಿ?"

"ಇಲ್ರಿ."

"ಖರೇ ಹೇಳ್ರಿ. ಹೇಳತೀನಿ ಅಂದೀರಿ."

"ಖರೇನ ಹೇಳಾಕತ್ತೀನ್ರಿ. ಒಬ್ಬರೂ ನಗಲಿಲ್ಲ."



"ಒಬ್ಬರೂ?" ಅಂದರು. "ಹದಿನೆಂಟು ನೂರು ಮಂದಿ ಅದಾರಲ್ರಿ ಕಟ್ಟಿಯೊಳಗ?"

"ಅದಾರ್ರಿ."

"ನೋಡ್ರಿ ಹಂಗಾದ್ರ! ನಾನ ಅವರನ್ನ ತಪ್ಪು ತಿಳಕೊಂಡಿದ್ದೆ. ಹನ್ನೊಂದು ವರ್ಷ ಸುಮ್ಮನ..." ದನಿ ಒಡೆಯಿತು, ಹಾಗೇ ನಕ್ಕರು. "ಎಂಥಾ ಮಂದೀರಿ ನಮ್ಮೂರ ಮಂದಿ. ಇಷ್ಟು ಕೇಳಿದ ಮ್ಯಾಲೆ ಒಬ್ಬಿಬ್ಬರರ ಬರತಾರ. ಬರತಾರಿಲ್ಲೋ? ಹಾಲು ಸಾಲಂಗಿಲ್ಲ, ತರಬೇಕು. ಇಡಲೇನ್ರಿ ಬಾಯಾರ? ನೀವೂ ಬರ್ರಿ ಮತ್ತ."

ಹೇಳಬೇಕು ಅಂತ ಬಾಯಿ ತೆರೆದೆ. ಕೇಳಿದವರು ಎಷ್ಟು ಅಂತ ಅವರು ಕೇಳಿರಲಿಲ್ಲ, ಕೇಳಿದ್ದಕ್ಕೆ ನಾನು ಸುಳ್ಳು ಹೇಳಿರಲಿಲ್ಲ. ಅಷ್ಟರಲ್ಲಿ ಅವರು ಹಾಲಿಗೆ ಹೊರಟೇಬಿಟ್ಟಿದ್ದರು.

ಐದಕ್ಕೆ ಕಟ್ಟೆ ಮುಚ್ಚಿ ಮಠದ ಓಣಿಗೆ ಹೋದೆ. ಬೇರೆ ಕಡೆ ಹೋಗಲು ಮನಸ್ಸಾಗಲಿಲ್ಲ. ಬಾಗಿಲಿನ ಎರಡೂ ಕದ ತೆರೆದಿದ್ದವು. ಜಮಖಾನ ಹಾಸಿತ್ತು, ಗೋಡೆಯುದ್ದಕ್ಕೂ ತಾಟುಗಳ ಸಾಲು, ಮನೆಯಲ್ಲಿದ್ದಷ್ಟನ್ನೂ ತೊಳೆದು ಹಾಕಿದ್ದರು. ಚಹಾದ ಪಾತ್ರೆ ದೊಡ್ಡದೊಂದು ಒಲೆಯ ಮೇಲೆ ಕುದಿಯುತ್ತಿತ್ತು. ರಾಚಪ್ಪನವರು ಟೊಪ್ಪಿಗೆ ಹಾಕಿಕೊಂಡು ಹೊಸ್ತಿಲಲ್ಲೇ ನಿಂತಿದ್ದರು.

"ಬರ್ರಿ, ಬರ್ರಿ, ಬರ್ರಿ," ಅಂದರು. ನನ್ನ ಹೆಗಲಿನಾಚೆ ಓಣಿಯ ತುದಿಯತನಕ ನೋಡಿದರು. "ಉಳಿದವರು ಎಲ್ಲೆ ಅದಾರ್ರಿ?"

ನಾನು ಚಪ್ಪಲಿ ಬಿಡಲು ಬಗ್ಗಿದೆ. ಚಪ್ಪಲಿ ಬಿಡಲು ಎಷ್ಟು ಹೊತ್ತು ಬೇಕು? ಎರಡೂ ಬಿಟ್ಟಾದ ಮೇಲೂ ಬಗ್ಗಿಯೇ ಇದ್ದೆ.